ಉಡಿಯೋ ಹುಡಿಯೋ

ಒಣಕೊಬ್ಬರಿಗೂ ಒಂದು ವಾಸನೆ ಇದೆ ಎಂದರೆ ನೀವು ನಗಬಹುದು. ಬರೀ ಕೊಬ್ಬರಿಗೆ ಇಲ್ಲವೇನೋ, ನನಗೂ ಗೊತ್ತಿಲ್ಲ. ಆದರೆ ಅದರ ಜೊತೆ ಅಕ್ಕಿ, ಅರಿಷಿಣ ಕೊಂಬು, ಉತ್ತತ್ತಿ ಸೇರಿಸಿ ಒಂದು ಹೊಸ ಕುಬಸದ ಖಣದಲ್ಲಿ ಕಟ್ಟಿಟ್ಟು ಆಮೇಲೆ ಮೂಸಿ ನೋಡಿ. ಮೊನ್ನೆ ಪಕ್ಕದ ಮನೆಯ ಬಸುರಿ ಸೊಸೆಯ ಕುಬಸದ ಕಾರ್ಯದಲ್ಲಿ ಆ ವಾಸನೆ ನನ್ನ ಮುಂದೆಯೇ ಹಾದುಹೋಯಿತು. ಹೆಂಗಸರೆಲ್ಲ ಸಾಲಾಗಿ ಕೂತಿದ್ದೆವು. ಮನೆಯೊಡತಿ ಒಬ್ಬೊಬ್ಬರ ಸೆರಗಿಗೂ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುತ್ತ ಬಂದಳು. ನನ್ನ ಹತ್ತಿರ ಬಂದಾಗ, ಊಟ ಮಾಡಿಯೇ ಹೋಗಬೇಕೆಂದು ಬಹಳ ಪ್ರೀತಿಯಿಂದ ಹೇಳಿ, ತಟ್ಟೆಯನ್ನು ಮುಂದಿನವಳ ಕಡೆ ಸರಿಸಿದಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಇದು ರೂಢಿಯಾಗಿದೆ. ಯಾರ ತಪ್ಪೂ ಅಲ್ಲ. ಊಟ ಮಾಡಿಯೇ ಬಂದೆ, ಹೋಳಿಗೆ ಚೆನ್ನಾಗಿತ್ತು.

ಮನೆಗೆ ಬಂದರೆ ಟೇಬಲ್ಲಿನ ಮೇಲೆ ಅನಿತಾ ಕೊಟ್ಟುಹೋಗಿದ್ದ ಕಾಗದ. ನಾನು ಓದಿದ, ಆಮೇಲೆ ಪಾಠ ಹೇಳಿ ನಿವೃತ್ತಳಾದ ಕಾಲೇಜು ಇದೇ ರಾಯಚೂರಿನಲ್ಲಿದೆ. ಅದರ ಹೆಣ್ಣುಮಕ್ಕಳ ಹಾಸ್ಟೆಲಿಗೆ ಈಗ ಅನಿತಾ ವಾರ್ಡನ್. ನನ್ನ ಶಿಷ್ಯೆ, ಚುರುಕು ಹುಡುಗಿ. ಹಾಸ್ಟೆಲಿಗೆ ಹೊಸ ನಿಯಮಗಳು ಬರುತ್ತಿವೆಯಂತೆ, ಹಳೆಯ ವಿದ್ಯಾರ್ಥಿನಿಯಾಗಿ ಓದಿ ಅಭಿಪ್ರಾಯ ಬರೆಯಬೇಕಂತೆ. ಒಂದು ನಿಯಮ ಮದ್ಯದ ಬಗ್ಗೆ: ಒಳಗೆ ತರಕೂಡದು, ಕುಡಿದು ಬರಕೂಡದು. ಇನ್ನೊಂದು, ಹಿರಿಯ ವಿದ್ಯಾರ್ಥಿನಿಯರು ಹೊಸಬರಿಗೆ ಸ್ವಾಗತದ ಹೆಸರಿನಲ್ಲಿ ಯಾವ ವಿಧಿ, ಆಚರಣೆಯನ್ನೂ ನಡೆಸಕೂಡದು. ಎರಡರ ಕೆಳಗೂ ‘ಸಹಮತ’ ಎಂದು ಬರೆಯಲು ಪೆನ್ನು ತೆಗೆದೆ. ಮೊದಲನೆಯದಕ್ಕೆ ಬರೆದೆ. ಎರಡನೆಯದಕ್ಕೆ ಬಂದಾಗ ಆ ಕೊಬ್ಬರಿಯ ವಾಸನೆ ಮೂಗಿನಲ್ಲಿ ಇನ್ನೂ ಇತ್ತು. ಪೆನ್ನು ಕೆಳಗಿಟ್ಟೆ.

ನಾನು ಸಿರವಾರದಿಂದ ಟ್ರಂಕು ಹೊತ್ತು ಆ ಹಾಸ್ಟೆಲಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ಅಲ್ಲಿ ನಿಯಮಗಳಿಗಿಂತ ‘ಮನಿ’ಗಳು ಹೆಚ್ಚು ನಡೆಯುತ್ತಿದ್ದವು. ಮನಿ ಎಂದರೆ ಕೋಣೆಯಲ್ಲ, ಒಬ್ಬ ಹಿರಿಯಳ ಸುತ್ತ ಸೇರಿದ ಹುಡುಗಿಯರ ಗುಂಪು. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಸರದಿಯಿಂದ ಹಿಡಿದು ಮೆಸ್ಸಿನ ಪಂಕ್ತಿಯವರೆಗೆ ಎಲ್ಲ ಮನಿಯ ಲೆಕ್ಕದಲ್ಲೇ. ಹೊಸಬಳು ಬಂದರೆ ಹೆಸರು ಕೇಳುತ್ತಿರಲಿಲ್ಲ, ‘ಯಾರ ಮನಿ ಹೆಣ್ಣು?’ ಎಂದೇ ಕೇಳುತ್ತಿದ್ದರು. ಯಾವ ಮನಿಗೂ ಸೇರದವಳು ನೆಂಟರಿಲ್ಲದ ಮದುವೆಗೆ ಬಂದವಳ ಹಾಗೆ ಮೂಲೆಯಲ್ಲಿ ಕೂಡಬೇಕು. ನನ್ನನ್ನು ಸೇರಿಸಿದ್ದು ಅಮರಮ್ಮನ ಮನಿಗೆ. ಸೇರಿಸಿದ್ದು ಎಂದೆ, ಸೇರಿದ್ದು ಎನ್ನಲಿಲ್ಲ. ಗಮನಿಸಿ.

ಅಮರಮ್ಮ ದೇವದುರ್ಗದ ಕಡೆಯವಳು, ಕುರಿ ಸಾಕುವ ಮನೆತನ. ಅವರ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಕೊನೆಯ ವರ್ಷದ ಬಿ.ಎ. ಎತ್ತರದ ಆಳು. ದೊಡ್ಡ ಕುಂಕುಮ, ದೊಡ್ಡ ದನಿ. ಅಂಗಳದ ಆ ಕೊನೆಯಿಂದ ಕರೆದರೆ ಈ ಕೊನೆಯವರು ಕರೆಯದಿದ್ದರೂ ‘ಓ’ ಎನ್ನುತ್ತಿದ್ದರು. ನನಗೆ ಅವಳನ್ನು ಕಂಡರೆ ಭಯ. ಈಗಲೂ ಸ್ವಲ್ಪ ಇದೆ ಎಂದರೆ ನಂಬುತ್ತೀರಾ?

ಒಂದು ಭಾನುವಾರ ಮಧ್ಯಾಹ್ನ ಹೊಸ ಹುಡುಗಿಯರನ್ನು ಮನಿಗೆ ತುಂಬಿಸಿಕೊಳ್ಳುವ ಕಾರ್ಯ. ಆ ವರ್ಷ ಅವಳ ಪಾಲಿಗೆ ಬಂದವರು ಇಬ್ಬರೇ: ನಾನು, ಮತ್ತು ಮಾನ್ವಿಯ ಶಾಂತಾ. ಶಾಂತಾಳಿಗೆ ನನ್ನದೇ ವಯಸ್ಸು. ಮದುವೆಯಾದ ವರ್ಷದಲ್ಲೇ ಗಂಡ ಕಾಲುವೆಗೆ ಬಿದ್ದು ಹೋಗಿದ್ದ. ಮಾವ ಭತ್ತದ ಗದ್ದೆಯ ರೈತ, ಕೆಟ್ಟವರಲ್ಲ. ಸೊಸೆ ಓದಿ ಮಾಸ್ತರಿಣಿಯಾಗಲಿ ಎಂದು ತಾವೇ ತಂದು ಹಾಸ್ಟೆಲಿಗೆ ಬಿಟ್ಟಿದ್ದರು. ಒಂದೇ ಕರಾರು, ಅವಳು ಗಂಡ ಸತ್ತವಳ ಹಾಗೆ ಇರಬೇಕು. ಬೋಳು ಹಣೆ, ಬರಿಗೈ, ತಗ್ಗಿದ ಕಣ್ಣು. ಕರಾರು ತಪ್ಪಿದರೆ ಆ ದಿನವೇ ಮಾನ್ವಿಯ ಬಸ್ಸು.

ನಮ್ಮಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರು. ಅಮರಮ್ಮ ಮೊದಲು ನನಗೆ ಉಡಿ ತುಂಬಿದಳು. ಆಮೇಲೆ ತಟ್ಟೆ ಎತ್ತಿ ಶಾಂತಾಳ ಕಡೆ ತಿರುಗಿದಳು. ಕೋಣೆಯಲ್ಲಿ ಗುಸುಗುಸು ನಿಂತಿತು. ಗಂಡ ಸತ್ತವಳಿಗೆ ಉಡಿ ತುಂಬುವುದುಂಟೇ?

“ನನಗ ನಡಿಯಂಗಿಲ್ಲಕ್ಕಾ,” ಎಂದಳು ಶಾಂತಾ, ನೆಲ ನೋಡುತ್ತ.

“ಇದು ನಿಮ್ಮ ಮಾವನ ಮನಿ ಅಲ್ಲ ಬೇ. ನನ್ನ ಮನಿ. ಉಡಿ ಒಡ್ಡು.”

ಶಾಂತಾ ಸೆರಗು ಒಡ್ಡಿದಳು. ಅಕ್ಕಿ ಬಿದ್ದಾಗ ಅವಳು ಅತ್ತದ್ದು ನನಗೆ ಪಕ್ಕದಲ್ಲೇ ಕೇಳಿಸಿತು. ಉಡಿ ತುಂಬಿದವಳಿಗೆ ಒಂದು ಚಿಟಿಕೆ ಅಕ್ಕಿಯನ್ನು ತಿರುಗಿ ಹಾಕುವುದು ನಮ್ಮ ಕಡೆಯ ಪದ್ಧತಿ. ಅದನ್ನೂ ಅವಳು ಮರೆಯದೆ ಮಾಡಿದಳು.

ಇಲ್ಲಿಗೆ ಕಾರ್ಯ ಮುಗಿದಿದ್ದರೆ ಈ ಪ್ರಬಂಧ ಬರೆಯುವ ಗೋಜೇ ಇರುತ್ತಿರಲಿಲ್ಲ. ಮುಗಿಯಲಿಲ್ಲ. ದೇವದುರ್ಗದ ಬಸ್ಸಿನಲ್ಲಿ ಹಾಲಿನ ಕ್ಯಾನಿನೊಳಗೆ ಬಂದಿದ್ದ ಶೇಂದಿ ಹೊರಬಂತು. ಈಚಲ ಮರದ್ದು, ಬೆಳಗ್ಗೆ ಸಿಹಿಯಿದ್ದದ್ದು ಮಧ್ಯಾಹ್ನಕ್ಕೆ ಹುಳಿಯೇರಿತ್ತು. ಅಮರಮ್ಮನ ಕಡೆ ಅದು ದೇವಿಗೂ ಎಡೆ, ಉಷ್ಣಕ್ಕೂ ಔಷಧ. ಒಂದೇ ತಂಬಿಗೆ, ಎಲ್ಲರ ಬಾಯಿಗೂ. ಆದರೆ ಸಿರವಾರದಲ್ಲಿ ನನ್ನಪ್ಪ ಅದನ್ನು ಕುಡಿಯುತ್ತಿದ್ದುದು ಯಾವ ಉಷ್ಣಕ್ಕೂ ಅಲ್ಲ. ಆ ವಾಸನೆ ಬಾಗಿಲಿಗೆ ಬಂದರೆ ಅವ್ವ ನಮ್ಮನ್ನು ಹಿತ್ತಲಿಗೆ ಕಳಿಸುತ್ತಿದ್ದಳು. ತಂಬಿಗೆ ನನ್ನ ಮುಂದೆ ಬಂದಾಗ ನಾನು ಹಿತ್ತಲನ್ನೇ ಹುಡುಕಿದೆ.

“ನನ್ನ ಮನ್ಯಾಗ ಇದು ಕುಡಿಲಾರದ ಯಾರೂ ಕುಂತಿಲ್ಲ,” ಎಂದಳು ಅಮರಮ್ಮ. ಶಾಂತಾಳಿಗೆ ಹೇಳಿದ ಅದೇ ದನಿಯಲ್ಲಿ, ಅದೇ ‘ನನ್ನ ಮನಿ’.

ಕುಡಿದೆ. ಕುಡಿದು ಎದ್ದು ಓಡಿದೆ. ನನ್ನ ಉಡಿಯಲ್ಲಿದ್ದುದೆಲ್ಲ ಹೊಸ್ತಿಲ ಮೇಲೆ ಚೆಲ್ಲಿಹೋಯಿತು. ಚಿಟಿಕೆ ಅಕ್ಕಿ ತಿರುಗಿ ಹಾಕುವ ಮಾತೇ ಬರಲಿಲ್ಲ. ಜ್ವರ ಬಂತು.

ನಮ್ಮ ವಾರ್ಡನ್ ಮೇಡಂ ಮಂಗಳೂರಿನ ಕಡೆಯವರು, ಆಗಷ್ಟೇ ವರ್ಗವಾಗಿ ಬಂದಿದ್ದರು. ಒಳ್ಳೆಯ ಹೆಂಗಸು. ರಾಯಚೂರಿನ ಬಿಸಿಲನ್ನು ತಡೆದುಕೊಂಡಿದ್ದರು, ಇಲ್ಲಿಯ ಕನ್ನಡವನ್ನು ಇನ್ನೂ ತಡೆದುಕೊಂಡಿರಲಿಲ್ಲ. ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಏನಾಯಿತೆಂದು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ: “ಉಡಿ ತುಂಬಿ ಶೇಂದಿ ಕೊಟ್ರು ಮೇಡಂ.”

ಅವರ ಮುಖ ಬಿಳಿಚಿಕೊಂಡಿತು. “ಎಂಥ ಹುಡಿ ಮಾರಾಯ್ತಿ?”

ನಿಮಗೆ ಗೊತ್ತಿರಬಹುದು, ಅವರ ಕಡೆ ಮಡಿಲಿಗೆ ಉಡಿ ಎನ್ನುವುದಿಲ್ಲ. ಹುಡಿ ಎಂದರೆ ಪುಡಿ. ಹಳ್ಳಿಯ ಹುಡುಗಿ ಜ್ವರದಲ್ಲಿ ‘ಹ’ಕಾರ ನುಂಗಿದ್ದಾಳೆ ಎಂದುಕೊಂಡರು. ಶೇಂದಿಗೆ ಎಂಥದೋ ಬಿಳಿ ಪುಡಿ ಬೆರೆಸುತ್ತಾರೆ, ಕುಡಿದವರು ಎಚ್ಚರ ತಪ್ಪುತ್ತಾರೆ ಎಂಬ ಸುದ್ದಿ ಆಗ ಊರ ತುಂಬ ಇತ್ತು. ಎಚ್ಚರ ತಪ್ಪಿದಂತೆ ಮಲಗಿದ್ದ ನಾನು ಅದಕ್ಕೆ ಸಾಕ್ಷಿಯಾಗಿಬಿಟ್ಟೆ. ಅವರು ನಮ್ಮ ಮನಿಯ ಹುಡುಗಿಯರ ಪಾಲಕರಿಗೆಲ್ಲ ಕೂಡಲೇ ಬರುವಂತೆ ತಂತಿ ಕೊಟ್ಟರು. ಆಮೇಲೆ ಹುಡಿ ಹುಡುಕಲು ಟ್ರಂಕುಗಳನ್ನು ತೆಗೆಸಿದರು. ಶಾಂತಾಳ ಟ್ರಂಕಿನಲ್ಲಿ ಖಣದ ಗಂಟು ಸಿಕ್ಕಿತು. ಬಿಚ್ಚಿದರೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ. ಅಡುಗೆ ಮಾಡಿ ಉಣ್ಣಬೇಕಾದ ಉಡಿಯನ್ನು ಅವಳು ಹಾಗೇ ಕಟ್ಟಿಟ್ಟುಕೊಂಡಿದ್ದಳು. ಅದು ಏನೆಂದು ಅಮರಮ್ಮ ವಿವರಿಸಿದಾಗ ಮೇಡಂ ನಕ್ಕುಬಿಟ್ಟರು, ಎದೆಯ ಮೇಲಿನ ಕಲ್ಲು ಇಳಿದವರ ಹಾಗೆ. ಆದರೆ ತಂತಿ ಹೋಗಿಯಾಗಿತ್ತು.

ಎಲ್ಲರಿಗಿಂತ ಮೊದಲು ಬಂದವರು ಶಾಂತಾಳ ಮಾವ. ಆಫೀಸಿನಲ್ಲಿ ಅವರು, ಮೇಡಂ, ಅಮರಮ್ಮ, ಶಾಂತಾ, ಗೋಡೆಗೆ ಒರಗಿ ನಾನು. ಶೇಂದಿಯ ವಿಷಯ ಕೇಳಿ ಅವರು ಕೋಪಿಸಿಕೊಳ್ಳಲಿಲ್ಲ. ತಮ್ಮ ಮನೆಯಲ್ಲಿ ಬಾಣಂತಿಯರಿಗೂ ಕೊಡುತ್ತಾರೆ, ಅದಕ್ಕೆ ತಂತಿ ಯಾಕೆ ಕೊಟ್ಟಿರಿ ಎಂದು ಮೇಡಮ್ಮಿಗೇ ಕೇಳಿದರು. ಮೇಡಮ್ಮಿಗೆ ಶೇಂದಿಯೇ ಮಹಾಪಾಪ, ಉಡಿ ನಿರುಪದ್ರವಿ. ಮಾವನಿಗೆ ಶೇಂದಿ ಮಜ್ಜಿಗೆಯ ಹಾಗೆ, ಉಡಿಯ ಸುದ್ದಿ ತಿಳಿದರೆ ಮಾತ್ರ ಸೊಸೆಯ ಓದು ಅಲ್ಲಿಗೆ ಮುಗಿಯಿತು. ಒಂದೇ ಟೇಬಲ್ಲಿನ ಎರಡು ಕಡೆ ಕೂತ ಇಬ್ಬರು ಒಳ್ಳೆಯ ಮನುಷ್ಯರು. ಶಾಂತಾ ಬೆರಳಿಗೆ ಸೆರಗು ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು.

ಅವರನ್ನು ಸಮಾಧಾನ ಮಾಡಲು ಮೇಡಂ ತಾವು ಹೊಸದಾಗಿ ಕಲಿತ ಶಬ್ದವನ್ನು ಬಳಸಹೊರಟರು. “ಗಾಬರಿ ಬೇಡಿ, ಅದು ಹುಡಿ ಅಲ್ಲವಂತೆ. ಈ ಮಕ್ಕಳು ನಿಮ್ಮ ಸೊಸೆಗೆ—”

“ಹುಡಿನೇರೀ ಮೇಡಂ,” ಎಂದಳು ಅಮರಮ್ಮ. ಅಂಗಳ ದಾಟುವ ಆ ದೊಡ್ಡ ದನಿಯಲ್ಲೇ. “ನಾನೇ ಶೇಂದ್ಯಾಗ ಪುಡಿ ಹಾಕಿದ್ದೆ. ಈ ಸಿರವಾರದಾಕಿಗೆ ಕೊಟ್ಟೆ. ಶಾಂತಾ ಅಲ್ಲಿ ಇದ್ದಿದ್ದೇ ಇಲ್ಲ.”

ಮೇಡಂ ಅಮರಮ್ಮನನ್ನು ನೋಡಿದರು, ಮಾವನನ್ನು ನೋಡಿದರು, ಕೊನೆಗೆ ಶಾಂತಾಳ ಬೋಳು ಹಣೆಯನ್ನು ನೋಡಿದರು. ಅಲ್ಲಿ ಅವರಿಗೆ ತಿಳಿಯಿತು. ಆಮೇಲೆ ನನ್ನ ಕಡೆ ತಿರುಗಿ, ಹುಡಿಯೇ ಹೌದೇನಮ್ಮಾ ಎಂದು ಕೇಳಿದರು. ನಾನು ಉತ್ತರ ಕೊಟ್ಟೆ. ನನ್ನ ಬಾಯಿಂದ ಬಂದದ್ದು ಉಡಿಯೋ ಹುಡಿಯೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ಮಾವ ಮಾತ್ರ ಅಮರಮ್ಮನಂಥವರನ್ನು ಇಟ್ಟುಕೊಳ್ಳಬೇಡಿ ಎಂದು ಹೇಳಿ, ಸೊಸೆಗೆ ಚೆನ್ನಾಗಿ ಓದಲು ಹೇಳಿ, ಮಾನ್ವಿಯ ಬಸ್ಸು ಹಿಡಿದರು.

ಅಮರಮ್ಮನನ್ನು ಹಾಸ್ಟೆಲಿನಿಂದಲೂ ಕಾಲೇಜಿನಿಂದಲೂ ತೆಗೆದರು. ತೆಗೆದ ಮೇಡಮ್ಮಿಗೆ ಸತ್ಯ ಗೊತ್ತಿತ್ತು. ಆಮೇಲೆ ಅವರೇ ಹೊಸ ನಿಯಮ ತಂದರು. ಮನಿಗಳು ಇರಕೂಡದು, ಕ್ಯಾನುಗಳು ಬರಕೂಡದು, ಹೊಸ ಹುಡುಗಿಯರಿಗೆ ಪ್ರಿನ್ಸಿಪಾಲರು ಒಂದೊಂದು ಗುಲಾಬಿ ಕೊಡತಕ್ಕದ್ದು. ಸುಳ್ಳಿನ ಮೇಲೆ ಕಟ್ಟಿದ ಆ ನಿಯಮ ಬಲು ಗಟ್ಟಿಯಾಗಿ ನಿಂತಿತು. ಅಲ್ಲಿಂದ ಮುಂದೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ, ಆ ವಾಸನೆ ಮತ್ತೆ ಬಾಗಿಲಿಗೆ ಬರಲಿಲ್ಲ. ಮರುವರ್ಷ ಎಷ್ಟೋ ಹಳ್ಳಿಯವರು ಧೈರ್ಯವಾಗಿ ಹೆಣ್ಣುಮಕ್ಕಳನ್ನು ಕಳಿಸಿದರು. ಒಳ್ಳೆಯದಾಯಿತಲ್ಲವೇ? ಒಳ್ಳೆಯದೇ ಆಯಿತು. ಆದರೆ ಗುಲಾಬಿ ಕೊಡುವ ದಿನ ಶಾಂತಾ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಕರೆಯಲು ಹೋದರೆ, ಅದು ಕೈಗೆ ಕೊಡುವುದು, ಉಡಿಗಲ್ಲ ಎನ್ನುತ್ತಿದ್ದಳು.

ಅಮರಮ್ಮ ಹೊರಟ ದಿನ ಅವಳ ಟ್ರಂಕನ್ನು ಬಸ್ ಸ್ಟ್ಯಾಂಡಿಗೆ ಒಯ್ದವರು ನಾವಿಬ್ಬರೇ. ದೇವದುರ್ಗದ ಬಸ್ಸು ಇನ್ನೂ ಬಂದಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಇತ್ತು, ಅವಳ ಕಾಲಿಗೆ ಬೀಳಬೇಕೆಂದೂ ಅನಿಸುತ್ತಿತ್ತು. ಎರಡೂ ಬಿಟ್ಟು, ಅವತ್ತು ನನಗೆ ಯಾಕೆ ಕುಡಿಸಿದಿರಿ ಎಂದು ಕೇಳಿದೆ.

“ನೀ ಬ್ಯಾಡ ಅಂದಿದ್ರ ಬಿಡ್ತಿದ್ದೆ ಬೇ,” ಎಂದಳು, ನಿಜವಾಗಿಯೂ ಆಶ್ಚರ್ಯಪಟ್ಟು. “ನೀ ಅನ್ನಲೇ ಇಲ್ಲಲ್ಲ.”

ಅನ್ನುವ ಹಾಗಿತ್ತೇ? ಅವಳ ಎತ್ತರ, ಅವಳ ದನಿ, ಸುತ್ತ ಕೂತ ಅಷ್ಟು ಮಂದಿ. ಇದನ್ನು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಬಸ್ಸು ಬಂತು. ಶಾಂತಾ ಚೀಲದಿಂದ ಆ ಖಣದ ಗಂಟನ್ನು ತೆಗೆದಳು. ಬಸ್ ಸ್ಟ್ಯಾಂಡಿನ ಅಷ್ಟು ಜನರ ನಡುವೆ, ಬೋಳು ಹಣೆಯ ಹುಡುಗಿ, ಉಡಿ ತೆಗೆದುಕೊಳ್ಳಲೂ ಬಾರದವಳು, ಅಮರಮ್ಮನಿಗೆ ಉಡಿ ತುಂಬಿದಳು. ಅಮರಮ್ಮ ಸೆರಗು ಒಡ್ಡಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಕಂಡಕ್ಟರು ಸೀಟಿ ಊದಿದ.

ಶಾಂತಾ ಓದಿದಳು, ಮಾನ್ವಿಯಲ್ಲೇ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದಳು. ಅಮರಮ್ಮ ಕುರಿಗಳ ಕಡೆ ಹೋದಳು. ಮತ್ತೆ ಓದಿದಳೋ ಇಲ್ಲವೋ, ನಮಗೆ ತಿಳಿಯಲಿಲ್ಲ. ಅವಳು ದೇವತೆಯೋ ದಬ್ಬಾಳಿಕೆಯವಳೋ ಎಂದು ನಾನು ಎಷ್ಟೋ ವರ್ಷ ತೂಗಿದ್ದೇನೆ, ತಕ್ಕಡಿ ಒಂದು ಕಡೆ ನಿಲ್ಲುವುದೇ ಇಲ್ಲ. ಆ ಮನಿ ಮುಚ್ಚಿದ್ದು ಸರಿ ಎಂದು ಪಾಠ ಹೇಳುವ ಕಾಲದಲ್ಲಿ ಅನಿಸಿತ್ತು. ಮೊನ್ನೆ ತಟ್ಟೆ ನನ್ನನ್ನು ದಾಟಿ ಹೋದಾಗ ಬೇರೆಯೇ ಅನಿಸಿತು. ಇಡೀ ಜಿಲ್ಲೆಯಲ್ಲಿ ನನ್ನಂಥವಳಿಗೆ ಉಡಿ ತುಂಬುತ್ತಿದ್ದ ಮನಿ ಅದೊಂದೇ. ಅಲ್ಲಿಂದ ನಾನು ಎದ್ದು ಓಡಿದ್ದೆ. ಓಡಿದ್ದು ತಪ್ಪೂ ಅಲ್ಲ.

ಇವತ್ತು ಬೆಳಗ್ಗೆ ಅನಿತಾ ಕಾಗದಕ್ಕಾಗಿ ಬಂದಳು. ಎರಡನೆಯ ನಿಯಮದ ಕೆಳಗೆ ಖಾಲಿ ಇದ್ದದ್ದು ನೋಡಿ ಪೆನ್ನು ಕೊಟ್ಟಳು. ನಾನು ಪೆನ್ನು ತೆಗೆದುಕೊಳ್ಳದೆ, ನಿನ್ನ ಹಾಸ್ಟೆಲಿನಲ್ಲಿ ಯಾರಾದರೂ ನನಗೆ ಉಡಿ ತುಂಬುತ್ತಾರೇನೇ ಎಂದು ಕೇಳಿದೆ. ಕೇಳಿದ್ದು ತಮಾಷೆಯ ದನಿಯಲ್ಲೇ. ಅವಳು ನಗಲು ಹೊರಟವಳು ನನ್ನ ಹಣೆ ನೋಡಿ ನಿಂತಳು.

“ನೀವು ಹೂಂ ಅಂದ್ರ ನಾನೇ ತುಂಬತೀನ್ರೀ ಮೇಡಂ,” ಎಂದಳು. “ಬ್ಯಾಡ ಅಂದ್ರ ಇಲ್ಲ.”

ಅಮರಮ್ಮನ ಮನಿಯಲ್ಲಿ ಆ ಮಧ್ಯಾಹ್ನ ಇದನ್ನು ಯಾರೂ ಕೇಳಿರಲಿಲ್ಲ. ಹೂಂ ಎನ್ನುವ ಬದಲು ಅಡುಗೆಮನೆಯ ಅಕ್ಕಿಯ ಡಬ್ಬಿಯನ್ನು ಕೈಯಿಂದ ತೋರಿಸಿದೆ. ಅವಳು ಅಕ್ಕಿ ತಂದಳು. ಕೊಬ್ಬರಿ ಸಿಗಲಿಲ್ಲವೆಂದು ಒಂದು ಬಾಳೆಹಣ್ಣು ಇಟ್ಟಳು. ನಾನು ಒಂದು ಚಿಟಿಕೆ ಅಕ್ಕಿಯನ್ನು ಅವಳ ದುಪಟ್ಟಾಕ್ಕೆ ತಿರುಗಿ ಹಾಕಿದೆ.

ಕಾಗದ ಟೇಬಲ್ಲಿನ ಮೇಲೆ ಹಾಗೇ ಉಳಿದಿದೆ, ಎರಡನೆಯ ಜಾಗ ಖಾಲಿ. ಅವಳು ಹೋಗಿ ಬಹಳ ಹೊತ್ತಾಯಿತು. ಆ ಭಾನುವಾರ ಹೊಸ್ತಿಲ ಮೇಲೆ ಚೆಲ್ಲಿಬಿಟ್ಟಿದ್ದೆನಲ್ಲ, ಈ ಸಲ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇನ್ನೂ ಕೂತೇ ಇದ್ದೇನೆ.