ಮುಂದಿನ ಚಕ್ರದ ಮಾವ

ಗ್ಯಾರೇಜ್ ನಡೆಸುವ ನಮ್ಮ ಮಾವನಿಗೆ ಕಾರಿನ ಮುಂದಿನ ಚಕ್ರಗಳ ಮೇಲೆ ವಿಪರೀತ ಕನಿಕರ. "ಅಣ್ಣಾ, ಇಂಜಿನ್ ಭಾರೀ ಜೋರು, ಆಕ್ಸಿಲರೇಟರ್ ಒತ್ತಿದರೆ ಸಾಕು ಸ್ಟೀರಿಂಗ್ ಒಂದು ಕಡೆ ಎಳೆಯುತ್ತೆ" ಎಂದು ಯಾರಾದರೂ ದೂರಿದರೆ, ಮೊದಲು ಅವರ ಬೂಟು ನೋಡುತ್ತಾರೆ. "ಅಲ್ಲಪ್ಪಾ, ಇದರಲ್ಲಿ ಗಾಡಿ ಎಳೆಯೋದೂ ಮುಂದಿನ ಚಕ್ರವೇ, ಸ್ಟೀರಿಂಗ್ ಹೇಳಿದ ಕಡೆ ತಿರುಗೋದೂ ಅದೇ. ಮೇಲೆ ನೀನೂ ತುಳಿದರೆ ಮುನಿಸಿಕೊಳ್ಳಲ್ವಾ? ತಿರುವಲ್ಲಿ ಕಾಲು ಹಗುರ ಮಾಡು!" ಈ ಮಾತು ಗ್ಯಾರೇಜಿನ ಗೋಡೆಗೂ ಬಾಯಿಪಾಠ. ಹೋದ ತಿಂಗಳು ಅತ್ತೆ ಒಲೆ ಮುಂದೆ ಕುಸಿದರು. ಬರೀ ದಣಿವು, ಆದರೆ ಇನ್ನೊಮ್ಮೆ ಬಿದ್ದರೆ ಕಷ್ಟ ಎಂದರು ಡಾಕ್ಟರು. ದೇವರ ದಯೆ, ಎದ್ದು ಕೂತಿದ್ದಾರೆ. ಮೊನ್ನೆ ನೋಡಲು ಹೋದರೆ ಮಾವ ಪಾತ್ರೆ ಉಜ್ಜುತ್ತಿದ್ದಾರೆ. "ಇದೇನು ಮಾವ?" ಎಂದೆ. "ಈ ಮನೆ ಎಳೆದವಳೂ ಇವಳೇ, ಕರೆದ ಕಡೆ ತಿರುಗಿದವಳೂ ಇವಳೇ ಕಣಮ್ಮ" ಎಂದು ತಲೆ ತಗ್ಗಿಸಿ ಇನ್ನೂ ಜೋರಾಗಿ ಉಜ್ಜಿದರು. ಒಳಗಿಂದ ಅತ್ತೆ ಕೂಗಿದರು: "ಬಾಣಲೆ ಮೇಲೂ ಸ್ವಲ್ಪ ಹಗುರ ಮಾಡ್ರೀ!"