ಗೋಡೆಯ ಬಿರುಕಿನಿಂದ ಬಂದ ಜ್ವರ

ಎರಡನೇ ಮಹಾಯುದ್ಧ ಮುಗಿಯುವ ಹಿಂದಿನ ವರ್ಷ ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಪ್ಲೇಗು ಎಂದರೆ ಆಗ ಊರಿಗೆ ಊರೇ ಖಾಲಿ. ನನಗೆ ಆಗಷ್ಟೇ ಮದುವೆಯಾಗಿತ್ತು. ಮಗ್ಗವನ್ನು ಹಾಗೇ ಬಿಟ್ಟು ನಾನು, ಯಜಮಾನರು, ಅತ್ತೆ ಮಾಕಳಿದುರ್ಗದ ಕಡೆ ಹೊರಟೆವು. ಉಳಿದವರು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ನಾವು ಬೆಟ್ಟದ ಬುಡದಲ್ಲಿದ್ದ, ಸುತ್ತ ಗೋಡೆಯ ಹಾಳು ಮಂಟಪದಲ್ಲಿ ಇಳಿದುಕೊಂಡೆವು.

ಒಳಗೆ ಹಗಲಲ್ಲೂ ಕತ್ತಲು. ಚಾವಣಿಯ ತುಂಬ ಬಾವಲಿಗಳು ಜೋತುಬಿದ್ದಿದ್ದವು. ಅತ್ತೆಯೂ ನಾನೂ ಬಾಗಿಲ ಹತ್ತಿರ ಮಲಗುತ್ತಿದ್ದೆವು. ಯಜಮಾನರು ಹಿಂದಿನ ಗೋಡೆಯ ಪಕ್ಕ ಚಾಪೆ ಹಾಸಿಕೊಳ್ಳುತ್ತಿದ್ದರು.

ಕೆಲವು ದಿನಕ್ಕೆ ಅವರಿಗೆ ಜ್ವರ ಬಂತು. ಮೈ ಕಾದ ಹೆಂಚು. ಪ್ಲೇಗೇ ಇರಬೇಕೆಂದು ಕಂಕುಳು, ತೊಡೆಸಂದು ಮುಟ್ಟಿ ಮುಟ್ಟಿ ನೋಡಿದೆ. ಗಡ್ಡೆ ಇರಲಿಲ್ಲ. ಒಂದು ಬೆಳಿಗ್ಗೆ ಧಾರಾಕಾರ ಬೆವತು ಎದ್ದು ಕೂತು, “ಹೊಟ್ಟೆ ಹಸೀತದೆ, ಮುದ್ದೆ ಮಾಡು” ಎಂದರು. ವಾರ ಕಳೆಯಿತು. ಬಿಸಿಲಲ್ಲಿ ಕೂತು ನಗುತ್ತಿದ್ದವರು ಇದ್ದಕ್ಕಿದ್ದಂತೆ ನಡುಗತೊಡಗಿದರು. ಅದೇ ಜ್ವರ. ಬಿಟ್ಟಿತು. ಮತ್ತೆ ಬಂತು. “ಗೋಡೆ ಒಳಗೆ ಯಾರೋ ಓಡಾಡ್ತವ್ರೆ” ಎಂದು ಕನವರಿಸುತ್ತಿದ್ದರು.

“ಹೋಗಿ ಹೋಗಿ ಬರೋದು ಜ್ವರ ಅಲ್ಲ ಕಣೆ. ಇಲ್ಲಿರೋದ್ಯಾವುದೋ ಹಿಡ್ಕೊಂಡದೆ” ಎಂದು ಅತ್ತೆ ಮೂಲೆಯಲ್ಲಿ ಅನ್ನವಿಟ್ಟು ಕೈಮುಗಿದರು. ಗುಡಿಸಲಿನವರು ಹೆದರಿ ನನ್ನನ್ನು ಬಾವಿಯ ಹತ್ತಿರ ಸೇರಿಸದಾದರು.

ಪ್ಲೇಗಿನ ಸೂಜಿ ಹಾಕಲು ಬಂದಿದ್ದ ಡಾಕ್ಟರ ಕಾಲಿಗೆ ಬಿದ್ದು ಕರೆತಂದೆ. ಯಜಮಾನರ ಬೆರಳು ಚುಚ್ಚಿ, ರಕ್ತವನ್ನು ಗಾಜಿಗೆ ಸವರಿಕೊಂಡು ಹೋದರು. ಮರುದಿನ ಬಂದವರೇ, “ಪ್ಲೇಗಲ್ಲಮ್ಮ. ರಕ್ತದಲ್ಲಿ ಸುರುಳಿ ಸುರುಳಿ ರೋಗಾಣು ಇದೆ. ಇವರು ಎಲ್ಲಿ ಮಲಗ್ತಾರೆ?” ಎಂದರು.

ತೋರಿಸಿದೆ. ಅವರು ಲಾಂದ್ರ ಹಿಡಿದು ಬಗ್ಗಿ, ಗೋಡೆಯ ಬಿರುಕಿನೊಳಕ್ಕೆ ಬಿಸಿಯುಸಿರು ಬಿಟ್ಟರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೂದಿಬಣ್ಣದ ಚಪ್ಪಟೆ ಉಣ್ಣೆಹುಳುಗಳು ಒಂದೊಂದಾಗಿ ಹೊರಬಂದು, ಅವರ ಮುಖದ ಕಡೆಗೇ ತೆವಳತೊಡಗಿದವು.

“ಬಾವಲಿ ರಕ್ತ ಕುಡಿಯೋ ಉಣ್ಣೆ ಇವು. ಉಸಿರಿನ ಜಾಡು ಹಿಡಿದು ಬರ್ತವೆ. ಕಚ್ಚಿದ್ದು ಗೊತ್ತೂ ಆಗಲ್ಲ. ರೋಗ ಇವುಗಳಿಂದ್ಲೇ ಬಂದಿರ್ಬೇಕು” ಎಂದು ಹಿಂದೆ ಸರಿದರು.

ಆಗಲೇ ಗಂಟುಮೂಟೆ ಕಟ್ಟಿ ಬಯಲಿನ ಕಡೆ ಹೊರಟೆವು. ದಾರಿಯಲ್ಲಿ ಅತ್ತೆ, “ದೆವ್ವ ಆಗಿದ್ರೆ ಬೇಡ್ಕೊಂಡಾದ್ರೂ ನೋಡಬಹುದಿತ್ತು ಕಣೆ” ಎಂದರು.

ಡಾಕ್ಟರು ಕೊಟ್ಟ ಸೂಜಿಗಳಿಂದ ಯಜಮಾನರು ನಿಧಾನವಾಗಿ ಚೇತರಿಸಿಕೊಂಡರು. ಜ್ವರ ಬಿಟ್ಟ ಮೇಲೂ ಎಷ್ಟೋ ವಾರ ಅವರ ಹಣೆ ಮುಟ್ಟಿ ನೋಡದೆ ನಾನು ಒಲೆ ಹಚ್ಚುತ್ತಿರಲಿಲ್ಲ. ಅವರು ಆಮೇಲೆ ಬಹಳ ವರ್ಷ ಮಗ್ಗದಲ್ಲಿ ಕೂತರು. ನಾನು ಮಾತ್ರ ಇವತ್ತಿಗೂ ಗೋಡೆಯ ಕಡೆ ಮುಖ ಮಾಡಿ ಮಲಗಲಾರೆ.