ಹರಾಜು ಕೂಗುತ್ತಿದ್ದ ತಾತ

ತಾತನ ಕುತ್ತಿಗೆಯ ಎಡಗಡೆ ಕಿರುಬೆರಳು ದಪ್ಪದ ನರವೊಂದು ಎದ್ದು ನಿಂತಿತ್ತು. ಸುಮ್ಮನೆ ಕೂತಾಗಲೂ ಅದು ಇಳಿಯುತ್ತಿರಲಿಲ್ಲ. ಮಗಳಿಗೆ ಚಹಾ ಮಾಡು ಎಂದರೂ ಇಡೀ ಓಣಿಗೆ ಕೇಳಿಸುತ್ತಿತ್ತು. ಮೂವತ್ತು ವರ್ಷ ಬಯಲಲ್ಲಿ ನಿಂತು ಕೂಗಿದ ಗಂಟಲು ಅದು. ಸಿರುಗುಪ್ಪದ ಕಡೆ ಸರ್ಕಾರಿ ಕಚೇರಿಯೊಂದರಲ್ಲಿ ಅವರು ಜವಾನರಾಗಿದ್ದರು. ಹುಣಸೆ ಫಸಲು, ಕೆರೆಯ ಮೀನು, ಜಪ್ತಿಯಾದ ಸೈಕಲ್ಲು, ಏನೇ ಹರಾಜಿಗೆ ಬಂದರೂ ಸಾಹೇಬರ ಮೇಜಿನ ಪಕ್ಕ ನಿಂತು "ಒಂದು ಸಾರಿ, ಎರಡು ಸಾರಿ" ಎಂದು ಕೂಗುವ ಕೆಲಸ ಅವರದು. ಆಮೇಲೆ ಹರಾಜುಗಳೆಲ್ಲ ಕಂಪ್ಯೂಟರಿಗೆ ಹೋದವು, ಕೂಗುವವರು ಬೇಡವಾದರು. ತಾತ ನಿವೃತ್ತರಾಗಿ ಬಳ್ಳಾರಿಗೆ, ಕೌಲ್‌ಬಜಾರಿನ ನಮ್ಮ ಓಣಿಯಲ್ಲಿದ್ದ ಮಗಳ ಮನೆಗೆ ಬಂದರು. ನನಗೆ ಅವರು ರಕ್ತಸಂಬಂಧವೇನಲ್ಲ. ಓಣಿಗೆಲ್ಲ ತಾತ, ಹಾಗಾಗಿ ನನಗೂ ತಾತ.

ಅವರ ಒಂದು ಅಭ್ಯಾಸಕ್ಕೆ ಓಣಿಯೇ ನಗುತ್ತಿತ್ತು. ಬದನೆಕಾಯಿ ತರಲು ಹೊರಟರೂ ಚೀಟಿಯ ಮೇಲೆ ಬೆಲೆ ಬರೆದು, ಮಡಚಿ, ಮಗಳ ಕೈಗೆ ಕೊಟ್ಟು ಹೋಗುವರು. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಹೇಳಿದರೂ ಬರಿಗೈಯಲ್ಲಿ ವಾಪಸ್. ಮಗಳು ಎಷ್ಟೋ ದಿನ ಬರೀ ಬೇಳೆ ಬೇಯಿಸಿದ್ದಾಳೆ. "ಬೆಲಿ ಮನ್ಯಾಗ ಹುಟ್ಟಬೇಕವ್ವಾ, ಬಜಾರದಾಗ ಅಲ್ಲ" ಎನ್ನುವರು. ಚೀಟಿ ನಿಮ್ಮ ಜೇಬಿನಲ್ಲೇ ಇರಬಾರದೇ ಎಂದು ಒಮ್ಮೆ ಕೇಳಿದೆ. ತನ್ನ ಜೇಬಿನ ಚೀಟಿಯನ್ನು ತಾನೇ ತಿದ್ದದ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದರು.

ಈ ಹಟ ಅವರಿಗೆ ಅಂಟಿದ್ದು ಕುರುಗೋಡಿನ ಒಂದು ಹರಾಜಿನಿಂದ. ಹುಣಸೆ ಮರಗಳ ಫಸಲಿಗೆ ಇಬ್ಬರು ಬೀಗರು ಪೈಪೋಟಿಗೆ ಬಿದ್ದಿದ್ದರಂತೆ. ತಾತ ಒಮ್ಮೆ ಇವನ ಮುಖ, ಒಮ್ಮೆ ಅವನ ಮುಖ ನೋಡುತ್ತ ಸ್ವರ ಏರಿಸಿದರು. ಗೆದ್ದವನು ಆ ದುಡ್ಡು ಕಟ್ಟಲು ಜೋಡೆತ್ತು ಮಾರಿದ. "ಅವಂಗ ಹುಣಸಿ ಬೇಕಾಗಿದ್ದಿಲ್ಲ, ಬೀಗನ ಸೋಲು ಬೇಕಾಗಿತ್ತು. ನಾ ಅದನ್ನ ಕೂಗಿ ಮಾರೀನಿ" ಎಂದು ತಾತ ನನಗೆ ಹೇಳಿದ್ದು ಒಂದೆರಡು ಸಲವಲ್ಲ. ಅಂದು ಸಾಹೇಬರು ಬೆನ್ನು ತಟ್ಟಿದ್ದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು.

ಇನ್ನು ನನ್ನ ಸಂಗತಿ. ಜೀನ್ಸ್ ಹೊಲಿಯುವ ಯೂನಿಟ್ಟೊಂದರಲ್ಲಿ ಹನ್ನೆರಡು ವರ್ಷ ಪೀಸ್ ರೇಟಿಗೆ ದುಡಿದೆ. ರೇಟು ಏರಿಸಿ ಎಂದು ಕೇಳಿದ್ದಕ್ಕೆ ಸಾಹುಕಾರ ಎಲ್ಲರೆದುರು ಎದ್ದು ಹೋಗು ಎಂದ. ಎದ್ದೆ. ನನ್ನ ಹಿಂದೆ ಇನ್ನೂ ಆರು ಹೆಂಗಸರು ಎದ್ದು ಬಂದರು, ಅದನ್ನು ಅವನು ಎಣಿಸಿರಲಿಲ್ಲ. "ಹೋಗ್ರಿ, ಹೋಗ್ರಿ. ಆರು ತಿಂಗಳಿಗೆ ಕೆಲಸ ಕೊಡ್ರಿ ಅಂತ ನನ್ನ ಕಡೀಗೇ ಬರ್ತೀರಿ" ಎಂದು ಬೆನ್ನಿಗೆ ಅಂದ. ಒಂದು ಶೆಡ್ಡು ಹಿಡಿದು, ಬಾಡಿಗೆ ಮಿಷನ್ನುಗಳಲ್ಲಿ ಹೊಲಿಗೆ ಶುರು ಮಾಡಿದೆವು. ಐದನೇ ತಿಂಗಳಲ್ಲಿ, ಬಾಡಿಗೆ ಕೊಟ್ಟವನು ತಿಂಗಳ ಕೊನೆಗೆ ಮಿಷನ್ನು ವಾಪಸ್ ಬೇಕೆಂದ. ಯಾರು ಹೇಳಿಸಿದ್ದೆಂದು ಕೇಳುವ ಅಗತ್ಯವೇ ಇರಲಿಲ್ಲ. ಸ್ವಂತ ಮಿಷನ್ನು ಸಿಗದಿದ್ದರೆ ಏಳೂ ಜನ ತಲೆ ತಗ್ಗಿಸಿ ಸಾಹುಕಾರನ ಹತ್ತಿರವೇ ಹೋಗಬೇಕಿತ್ತು.

ಅದೇ ಹೊತ್ತಿಗೆ, ಸಿರುಗುಪ್ಪದಲ್ಲಿ ಬಾಗಿಲು ಹಾಕಿದ್ದ ಯೂನಿಟ್ಟೊಂದರ ಎಂಟು ಮಿಷನ್ನುಗಳನ್ನು ಬ್ಯಾಂಕಿನವರು ಆನ್‌ಲೈನ್ ಹರಾಜಿಗೆ ಹಾಕಿದರು. ತಾತನ ಹತ್ತಿರ ಓಡಿದೆ. ಇನ್ನೂ ಹದಿನೈದು ದಿನವಿದೆ, ಮೊದಲು ಸಣ್ಣದರಲ್ಲಿ ಕೈ ಪಳಗಲಿ ಎಂದರು. ಎಲ್ಲೋ ಒಂದು ಕಾಜಾ ಮಿಷನ್ನು, ಗುಂಡಿಯ ತೂತು ಹೊಲಿಯುವಂಥದ್ದು, ಹರಾಜಿಗಿತ್ತು. ಬೆಲೆ ಬರೆದ ಚೀಟಿಯನ್ನು ಅವರ ಮಗಳ ಕೈಗೆ ಕೊಟ್ಟು, ಅವಳ ಲ್ಯಾಪ್‌ಟಾಪಿನ ಮುಂದೆ ಇಬ್ಬರೂ ಕೂತೆವು. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಬೆಲೆ ಏರಿಸಿದರೆ ಮತ್ತೆ ಐದು ನಿಮಿಷ ಸಿಗುವ ಹರಾಜು ಅದು. ಅಂಕಿ ಏರುತ್ತ ಹೋಯಿತು. ಚೀಟಿಯ ಬೆಲೆ ಮುಟ್ಟಿದ ಕೂಡಲೇ ನಾನು ಕೈ ತೆಗೆದೆ. ಆಗ ಪಕ್ಕದಿಂದ ಎದ್ದಿತು ನೋಡಿ ಆ ಗಂಟಲು: "ಒಂದು ಸಾರಿ... ಎರಡು ಸಾರಿ..." ನನ್ನ ಬೆರಳು ತಾನಾಗಿ ಒತ್ತಿತು. ಮತ್ತೆ ಒತ್ತಿತು. ಮಿಷನ್ನು ನನ್ನದಾಯಿತು, ಹೆಚ್ಚುಕಡಿಮೆ ಹೊಸದರ ಬೆಲೆಗೆ. ಮಗಳು ಚೀಟಿ ಬಿಡಿಸಿ ಇಬ್ಬರ ಮುಖಕ್ಕೂ ಹಿಡಿದಳು. ತಾತ ತಾವು ಕೂಗಿದ್ದೇ ತಮಗೆ ಗೊತ್ತಾಗಲಿಲ್ಲ ಎಂದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದು ಹಾಲಿಗೆ ಬೆಕ್ಕನ್ನು ಕಾವಲಿಟ್ಟ ಹಾಗಾಗಿತ್ತು.

ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ತಾತ ಮರುವಾರವೇ ನನ್ನನ್ನು ಸಿರುಗುಪ್ಪದ ಬಸ್ಸು ಹತ್ತಿಸಿದರು. ಮಾಲು ನೋಡಲು ಬ್ಯಾಂಕಿನವರು ಒಂದು ದಿನ ಕೊಟ್ಟಿದ್ದರು. ನಮ್ಮಿಬ್ಬರನ್ನು ಬಿಟ್ಟು ಒಬ್ಬರೂ ಬಂದಿರಲಿಲ್ಲ. ಫೋಟೋ ಇದೆಯಲ್ಲ ಎಂದುಕೊಂಡಿರಬೇಕು. ಅಕ್ಕಿ ಗಿರಣಿಯ ಪಕ್ಕದ ಗೋದಾಮು, ಎಲ್ಲದರ ಮೇಲೂ ತೌಡಿನ ಧೂಳು. ಒಂದೊಂದರ ಚಕ್ರವನ್ನೂ ಕೈಯಿಂದ ತಿರುಗಿಸು, ಬಗ್ಗಿ ಕೆಳಗೆ ನೋಡು ಎಂದು ತಾತ ಬೆನ್ನು ಹತ್ತಿದರು. ಬಗ್ಗಿ ನೋಡಿದರೆ ಎರಡಕ್ಕೆ ಮೋಟಾರೇ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲೇ ಮೋಟಾರಿನ ಖರ್ಚು, ಲಾರಿ ಬಾಡಿಗೆ, ತೆರಿಗೆ ಎಲ್ಲ ಕಳೆದು ಬೆಲೆ ಕಟ್ಟಿದೆವು. ಒಂದು ಲಕ್ಷದ ನಲವತ್ತೊಂದು ಸಾವಿರ. ನಲವತ್ತಕ್ಕೆ ಎಲ್ಲರ ಕಾಲೂ ನಿಲ್ಲುತ್ತದೆ, ನಾವು ಒಂದು ಹೆಜ್ಜೆ ಮುಂದಿರಬೇಕು ಎಂಬುದು ತಾತನ ಲೆಕ್ಕ.

ಹರಾಜಿನ ದಿನ ತಾತ ಒಂದು ಚೊಂಬು ನೀರನ್ನು ಮಗ್ಗುಲಲ್ಲಿ ಇಟ್ಟುಕೊಂಡು ಕೂತರು. ಕೊನೆಯ ಹತ್ತು ನಿಮಿಷ ಉಳಿದಾಗ ಬಾಯಿ ತುಂಬ ನೀರು ತುಂಬಿಕೊಂಡರು. ನುಂಗುವಂತಿಲ್ಲ, ಉಗುಳುವಂತಿಲ್ಲ. ತಮ್ಮ ಗಂಟಲನ್ನು ಕಟ್ಟಿಹಾಕಲು ಅವರೇ ಕಂಡುಕೊಂಡ ಉಪಾಯ ಅದು. ಅಲ್ಲಿಯವರೆಗೆ ನಾನು ಒಂದು ಸಲವೂ ಬೆಲೆ ಒತ್ತಿರಲಿಲ್ಲ. ಬೇಕೆಂಬ ಆಸೆಯನ್ನು ಮೊದಲೇ ತೋರಿಸಬೇಡ ಎಂದು ಅಪ್ಪಣೆಯಾಗಿತ್ತು. ಈಗ ಒತ್ತಿದೆ. ಯಾರೋ ಮರುಗಳಿಗೆಯಲ್ಲೇ ಏರಿಸಿದರು. ಐದು ನಿಮಿಷ, ಮತ್ತೆ ಐದು ನಿಮಿಷ. ನಡುವೆ ತಾತ ಸುಸ್ತಾಗಿ ಒಮ್ಮೆ ಉಗುಳಿ ಮತ್ತೆ ತುಂಬಿಕೊಂಡರು. ನಾನು ನಮ್ಮ ಬೆಲೆಗೆ ಬಂದು ನಿಂತೆ. ಎದುರಿನವರು ಅದನ್ನೂ ದಾಟಿದರು. ಇನ್ನೊಂದೇ ಒಂದು ಸಾವಿರ ಎಂದು ತಾತನ ಕಡೆ ನೋಡಿದೆ. ಕೆನ್ನೆ ಉಬ್ಬಿಸಿಕೊಂಡೇ ಅವರು ತಲೆ ಅಲ್ಲಾಡಿಸಿದರು. ನನ್ನ ಕಣ್ಣು ತುಂಬಿತ್ತು, ಅವರದೂ ತುಂಬಿತ್ತು. ಎಂಟೂ ಮಿಷನ್ನು ಬೇರೆಯವರ ಪಾಲಾದವು.

ಮಧ್ಯಾಹ್ನ ಸಾಹುಕಾರನ ಫೋನು ಬಂತು. "ಸಿಕ್ಕವೇನಮ್ಮಾ ಮಿಷನ್ನು? ಎಷ್ಟರ ಆಗಲಿ, ನಿನಗ ಮಾತ್ರ ಬಿಡಬಾರದು ಅಂತ ಕುಂತಿದ್ದೆ" ಎಂದ. ಪೈಪೋಟಿಗೆ ಬಿದ್ದವನು ಅವನೇ ಎಂದು ಆಗಲೇ ಗೊತ್ತಾದದ್ದು. ನನ್ನ ಮೈ ಉರಿದುಹೋಯಿತು. ಆ ಸಿಟ್ಟನ್ನೆಲ್ಲ ತಾತನ ಮೇಲೆ ತೀರಿಸಿದೆ. ನಿಮ್ಮ ಚೀಟಿಗೆ ಬೆಂಕಿ ಹಾಕ ಎಂದೆ. ಅವರು ಶಾಂತವಾಗಿ, ಅಂದರೆ ಓಣಿಗೆಲ್ಲ ಕೇಳಿಸುವಂತೆ, ಹೇಳಿದರು. "ಅವ ಮಿಷನ್ ನೋಡಾಕ ಬರಲಿಲ್ಲ, ನಿನ್ನ ನೋಡಿ ಬೆಲಿ ಏರಿಸ್ಯಾನ. ಗೆದ್ದಾನಲ್ಲ, ಕಟ್ಟಲಿ ನೋಡೋಣು. ನೀ ಅಷ್ಟರಾಗ ಅವನ ಕಡೆ ಹೋಗಬ್ಯಾಡ, ಅಷ್ಟ ನನಗ ಮಾತು ಕೊಡು."

ಹೋಗಲಿಲ್ಲ. ಬಾಡಿಗೆ ಮಿಷನ್ನು ಹೋದ ದಿನ, ಏಳೂ ಜನ ಮನೆಯಲ್ಲಿದ್ದ ಕಾಲಲ್ಲಿ ತುಳಿಯುವ ಹಳೆಯ ಮಿಷನ್ನುಗಳನ್ನು ಆಟೋದಲ್ಲಿ ಹೇರಿಕೊಂಡು ಶೆಡ್ಡಿಗೆ ತಂದೆವು. ಜೀನ್ಸ್ ಅದರಲ್ಲಿ ಓಡುವುದಿಲ್ಲ, ಸೂಜಿ ಮುರಿಯುತ್ತದೆ. ಲಂಗ ಹೊಲಿದೆವು, ದಿಂಬಿನ ಚೀಲ ಹೊಲಿದೆವು. ಸಾಹುಕಾರನ ಮೇಸ್ತ್ರಿ ದಿನಾ ನಮ್ಮ ಶೆಡ್ಡಿನ ಮುಂದೆ ಬೈಕು ನಿಧಾನ ಮಾಡಿ ಇಣುಕಿ ಹೋಗುವನು. ಮನೆಯಲ್ಲಿ ಒಲೆ ಹೊತ್ತದ ದಿನವೂ ಅವನು ಬರುವ ಹೊತ್ತಿಗೆ ನಾವು ಬೇಕೆಂದೇ ಜೋರಾಗಿ ನಗುತ್ತಿದ್ದೆವು.

ಅತ್ತ ಸಾಹುಕಾರ ಮಿಷನ್ನು ತರಲು ಹೋದಾಗ ಮೋಟಾರಿಲ್ಲದ್ದು ಕಣ್ಣಿಗೆ ಬಿತ್ತು. ಕೊಟ್ಟ ಮುಂಗಡವನ್ನು ಅಲ್ಲೇ ಬಿಟ್ಟು, ಬಾಕಿ ಕಟ್ಟದೆ ಬಂದ. ಒಂದೂವರೆ ತಿಂಗಳಿಗೆ ಅದೇ ಎಂಟು ಮಿಷನ್ನು ಮತ್ತೆ ಹರಾಜಿಗೆ ಬಂದವು. ತಾತ ಮತ್ತೆ ಬಾಯಿಗೆ ನೀರು ತುಂಬಿಕೊಂಡು ಕೂತರು. ಈ ಸಲ ಎದುರಿಗಿದ್ದವರು ಒಬ್ಬರೇ, ಅವರೂ ಬೇಗ ಕೈಬಿಟ್ಟರು. ಒಂದು ಲಕ್ಷದ ಹದಿನೆಂಟು ಸಾವಿರಕ್ಕೆ ಎಂಟೂ ನಮ್ಮವಾದವು. ತಾತ ಅಂಗಳಕ್ಕೆ ಹೋಗಿ ನೀರು ಉಗುಳಿ "ಮೂರು ಸಾರಿ" ಎಂದು ಕೂಗಿದ ರಭಸಕ್ಕೆ ಎದುರುಮನೆಯ ಕೂಸು ಎದ್ದು ಅತ್ತಿತು.

ಧೋತರ, ಟವೆಲ್ಲು ತೆಗೆದುಕೊಂಡು ಅವರ ಮನೆಗೆ ಹೋದೆ. ಮುಟ್ಟಲಿಲ್ಲ. "ನನ್ನ ಗಂಟಲಿಗೆ ಹೆಚ್ಚು ಕೊಟ್ಟು ಕೆಟ್ಟೋರು ಎಷ್ಟು ಮಂದಿ ಅದಾರೋ ಏನೋ. ನೀ ಒಬ್ಬಾಕಿ ಕಡಿಮಿ ಕೊಟ್ಟಿ. ನನಗ ಅದು ಸಾಕವ್ವಾ" ಎಂದರು.

ಹೋದ ಬೇಸಿಗೆಯಲ್ಲಿ ತಾತ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನನ್ನ ಅಪ್ಪ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತೆ; ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನನ್ನ ಹೆಸರಿನಲ್ಲಿ ಒಂದು ಶೆಡ್ಡು ನಡೆಯುತ್ತಿದ್ದರೆ ಅದು ಆ ಮುದುಕರಿಂದ.

ಅವರ ತಿಥಿಯ ವಾರವೇ ಸಾಹುಕಾರ ನಮ್ಮ ಶೆಡ್ಡಿಗೆ ಬಂದ. ಮುದುಕ ಹೋದ, ಇನ್ನು ಇವಳಿಗೆ ಬುದ್ಧಿ ಹೇಳುವವರಿಲ್ಲ ಎಂದುಕೊಂಡಿದ್ದನೋ ಏನೋ. ಮಿಷನ್ನುಗಳ ನಡುವೆ ಒಮ್ಮೆ ಓಡಾಡಿ, ಇವು, ಶೆಡ್ಡು, ಈ ಹೆಂಗಸರು ಎಲ್ಲ ಸೇರಿಸಿ ಒಂದು ರೇಟು ಹೇಳು, ಎಷ್ಟಾದರೂ ಕೊಡುತ್ತೇನೆ ಎಂದ. ಹೊಲಿಗೆ ನಿಂತಿತು. ಆರೂ ಜನ ನನ್ನ ಮುಖ ನೋಡಿದರು.

"ಹೇಳೋ ರೇಟು ಇಲ್ಲರಿ" ಎಂದೆ. "ನಾಳಿಗೆ ಮಾಲು ಕೊಡಬೇಕು, ನೀವು ಹೊರಡ್ರಿ."

ಆರೂ ಮಿಷನ್ನು ಒಟ್ಟಿಗೆ ಶುರುವಾದವು. ಸಾಹುಕಾರ ಇನ್ನೂ ಏನೋ ಹೇಳುತ್ತಿದ್ದ, ತುಟಿ ಆಡುವುದು ಕಾಣುತ್ತಿತ್ತು. ನಾನು ಕೂತು ಏಳನೆಯದನ್ನೂ ಶುರು ಮಾಡಿದೆ.